ಎ-ಮೂರು

ಕೆಳಗ ಮುನೀರಾ ಡಾಕ್ಟರ್ ದವಾಖಾನಿ, ಮ್ಯಾಗ ನನ್ನ ಲ್ಯಾಬು,
ನಡುವ ಹನ್ನೊಂದು ಶಹಾಬಾದಿ ಕಲ್ಲಿನ ಮೆಟ್ಟಿಲು.
ಅರ್ಧ ಕಲಬುರಗಿಯ ಹಲ್ಲು ನನ್ನ ಕಪಾಟಿನ್ಯಾಗ
ಹೆಸರಿನ ಚೀಟಿ ಹಚ್ಚಿಕೊಂಡು ಕೂತಾವ.
ಅವುಗಳ ನಡುವ ಈಗ ಒಂದು ಆಕಾಶದ ಹಡಗು.

ಡಾಕ್ಟರ್ ಮಗ ಫರ್ಹಾನ ಬಿಟ್ಟು ಹೋದದ್ದು.
ಎರಡು ತುಂಡು ಜೋಡಿಸಿದ್ದ, ಮೂರನೇದಕ್ಕ ಬೆರಳೇ ಅಂಟಿ
ಅತ್ತು, ಡಬ್ಬಿ ಮುಚ್ಚಿ, ಕ್ರಿಕೆಟ್ಟಿಗೆ ಓಡಿದ.
'ಚಾಚಾ, ನೀವೇ ಇಟ್ಕೊಳ್ರಿ.'
ಡಬ್ಬಿ ಮ್ಯಾಗ ಹಡಗು ಉರಿಯೋ ಗ್ರಹದ ಮುಂದ ಹೊಂಟದ,
ಡಬ್ಬಿ ಒಳಗ ನೂರಾ ಹದಿನೆಂಟು ತುಂಡು,
ಬೂದಿ ಬಣ್ಣದ ಕಡ್ಡಿಗೆ ಮಾವಿನ ಮಿಡಿ ಜೋತುಬಿದ್ದಂಗ.
ಕಾಗದದ ತುಂಬ ಜಪಾನಿ ಅಕ್ಷರ. ಓದಾಕ ಬರಂಗಿಲ್ಲ.
ಅಂಕಿ ಬರ್ತಾವ, ಬಾಣದ ಗುರುತು ಬರ್ತಾವ. ಸಾಕಲ್ಲ.
ಬಾಯಿ ನೋಡದೇ ಬಾಯಿ ಕಟ್ಟೋನು ನಾನು.

ಮೇ ತಿಂಗಳು. ನಲವತ್ನಾಕು ಡಿಗ್ರಿ.
ಅಂಟು ಬಾಟಲಿಯೊಳಗೇ ಕಲ್ಲಾಗಿತ್ತು.
ವಸಡು ಕಲಸೋ ನೀರು ಒಂದು ಹನಿ ಕುಂಚದ ತುದಿಗೆ ತಗೊಂಡು
ಸಂದಿಗೆ ಮುಟ್ಟಿಸಿದೆ. ಒಳಗೊಳಗೇ ಓಡಿತು,
ಗ್ವಾಡಿ ಬಿರುಕಿನ್ಯಾಗ ಇರುವಿ ಸಾಲು ಓಡಿದಂಗ.
ಎರಡಿದ್ದದ್ದು ಒಂದಾತು.
ಅದೇ ವಾಸನಿ, ಮೂವತ್ತು ವರ್ಷದಿಂದ ಅಂಗಿಗೆ ಹತ್ತಿದ್ದು,
ಹೆಂಡತಿ ಬೈಯೋದು.

ಬಿಳೇ ಬಣ್ಣ ಹೊಡೆದೆ. ಒಪ್ಪಲಿಲ್ಲ.
ಹಲ್ಲು ಭಾಳ ಬೆಳ್ಳಗಿದ್ರ ಬಾಯಿ ಸುಳ್ಳು ಹೇಳ್ತದ,
ಅರವತ್ತರ ಬಾಯಿಗೆ ಎ-ಒಂದು ಕೊಡಬಾರದು.
ಅಷ್ಟು ವರ್ಷ ಚುಕ್ಕಿ ನಡುವ ತಿರುಗಿದ ಹಡಗು
ಚಾ ಕುಡಿದಿರಬೇಕು, ತಂಬಾಕು ತಿಕ್ಕಿರಬೇಕು.
ಎ-ಮೂರು ಹಚ್ಚಿದೆ. ಸಂದಿಗೆ ಕಂದು.
ಇಂಜಿನ್ ಬಾಯಿಗೆ ದೀಪದ ಮಸಿ.

ಎಪ್ಪತ್ತೊಂದನೇ ತುಂಡು ಇರಲಿಲ್ಲ.
ಟೇಬಲ್ ಕೆಳಗ ಹುಡುಕಿದೆ,
ಕಪಾಟಿನ ಹಿಂದ ಕಸಬರಿಗಿ ಕಡ್ಡಿ ಹಾಕಿ ಎಳೆದೆ:
ಮೂರು ಬಾಚಿಹಲ್ಲು, ಹೋದ ರಂಜಾನಿನ ಖರ್ಜೂರದ ಬೀಜ.

ಆಗ ಜೇವರ್ಗಿ ಬಸ್ಸಿಳಿದು ಜಗದೇವಮ್ಮ ಮೆಟ್ಟಿಲು ಹತ್ತಿ ಬಂದಳು.
ಸೆರಗಿಲೆ ಗಾಳಿ ಹಾಕಿಕೊಂತ,
'ನನ್ನ ಹಲ್ಲು ಆದವೇನೋ ತಮ್ಮಾ?'
'ನಾಳಿ ಆಗ್ತಾವ ಯವ್ವಾ.'
ಸುಳ್ಳಲ್ಲ. ನಿನ್ನಿನೇ ಆಗಬೇಕಿತ್ತು, ಅಷ್ಟೇ.
ಕೈ ಅಡ್ಡ ಹಿಡಿದೆ, ಅಷ್ಟರಾಗ ನೋಡಿಬಿಟ್ಟಿದ್ದಳು.
'ಇದು ಯಾರ ಬಾಯಿದು?'
ಯಾರದೂ ಅಲ್ಲ, ಆಕಾಶಕ್ಕ ಹೋಗೋದು ಅಂದೆ.
'ಒಳಗ ಎಷ್ಟು ಮಂದಿ?'
ಅಳತಿ ಹೇಳಿದೆ: ಗುಂಡುಸೂಜಿ ಚುಚ್ಚಿದ ತೂತು ಒಂದು ಕಿಟಕಿ,
ಮನುಷ್ಯ ಅಂದ್ರ ಜ್ವಾಳದ ಹಿಟ್ಟಿನ ಒಂದು ಧೂಳು.
ಬರೀ ವಸಡು ತೆರೆದು, ಬಗ್ಗಿ, ಭಾಳ ಹೊತ್ತು ನೋಡಿದಳು.
'ಹಂಗಂದ್ರ ಇಡೀ ಜೇವರ್ಗಿ ಕೂಡ್ತದ.
ಬಸ್‌ಸ್ಟ್ಯಾಂಡ್ ಬ್ಯಾಡ. ಅದನ್ನ ಇಲ್ಲೇ ಬಿಡ್ರಿ.'
ಒಂದು ತುಂಡು ಕಮ್ಮಿ ಅದ, ಹಾರೂದಿಲ್ಲ ಅಂದೆ.
'ನನ್ನ ಬಾಯಾಗ ಇಪ್ಪತ್ತೆಂಟು ಕಮ್ಮಿ ಅದಾವ.
ನಾ ಇಲ್ಲೀತನಕ ಬಂದಿಲ್ಲೇನು?'

ರಾತ್ರಿ ಆಕಿ ಹಲ್ಲಿನ ಕೆಲಸಕ್ಕ ಕೂತೆ.
ವಸಡಿಗೆ ಕಲಸಿದ ಗುಲಾಬಿ ಹಿಟ್ಟಿನ್ಯಾಗ ಒಂದು ಚೂರು ಉಳಿತು.
ಅದನ್ನ ಕೊರೆದೆ, ತಿಕ್ಕಿದೆ, ಹಡಗಿನ ಹೊಟ್ಟಿಗೆ ಕೂಡಿಸಿದೆ.
ಎಪ್ಪತ್ತೊಂದು.
ಅದಕ್ಕ ಬಣ್ಣ ಹೊಡಿಲಿಲ್ಲ.

ಮರುದಿನ ಕೆಳಗ ಡಾಕ್ಟರ್ ದನಿ:
'ಅಂಕಿ ಎಣಿಸ್ರಿ ಅಮ್ಮಾ, ಮಾತು ಹೆಂಗ ಬರ್ತದ ನೋಡ್ತೀನಿ.'
ನಾ ಬಾಗಿಲಾಗ ನಿಂತೆ.
ಒಂದು. ಎರಡು.
ಮೂರಕ್ಕ ಹಲ್ಲು ಟಕ್ ಅಂದವು.
ನಾಕು. ಐದು. ಎರಡು ವರ್ಷ ಗಾಳಿ ಸೋರಿದ ಬಾಯಿ.
ಆರು.
ಯಾಕೋ, ಕಪಾಟಿನ ಕಡೆ ತಿರುಗಿ ನೋಡಿದೆ.
'ಏಳು,' ಅಂದಳು, ಸಾಫ್.
ಫ್ಯಾನಿನ ಗಾಳಿಗೆ ಹೆಸರಿನ ಚೀಟಿ ಅಷ್ಟೂ ಪಟಪಟ ಅಂದವು.
ಹಡಗು ಕುಂತಲ್ಲೇ ಕುಂತಿತ್ತು.
ಆಕಿ ಆಗಲೇ ಎಂಟಕ್ಕ ಹೋಗಿದ್ದಳು.